ಇಂದಿರಮ್ಮನಿಗೆ ಓದಿ ಹೇಳಿದ ಕಾದಂಬರಿ

ಹೋದ ವಾರ ಪುಸ್ತಕದ ಕಪಾಟು ಒರೆಸುವಾಗ ಹಳೆಯ ಕಾದಂಬರಿಯೊಂದು ಕೈಗೆ ಬಂತು. ತೆರೆದರೆ ಹೊಲಿಗೆಯ ಸಂದಿಯಲ್ಲಿ ನುಣ್ಣನೆಯ ಕೆಂಪು ಧೂಳು. ಮೂರು ಊರು, ನಾಲ್ಕು ಮನೆ ಬದಲಾಯಿಸಿದರೂ ಅದು ಹೋಗಿಲ್ಲ. ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿದೆ. ನೆನೆದ ಕಬ್ಬಿಣದ ವಾಸನೆ. ಅಷ್ಟು ಸಾಕಾಯಿತು, ಹೊಸಪೇಟೆಯಲ್ಲಿ ಕಳೆದ ಆ ಒಂದು ವರ್ಷ ಮೈಮೇಲೆ ಬಂದಂತೆ ಬಂತು. ಕಾದಂಬರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಿಗಬೇಕಾದ್ದಕ್ಕಿಂತ ಹೆಚ್ಚು ಹೆಸರು ಅದಕ್ಕೆ ಆಗಲೇ ಸಿಕ್ಕಿದೆ.

ಗಣಿಯ ಹುಚ್ಚು ನೆತ್ತಿಗೇರಿದ್ದ ಕಾಲ ಅದು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ನಾನು ಸಂಡೂರಿನವಳೇ. ಅಣ್ಣ ಒಕ್ಕಲುತನ ಬಿಟ್ಟು ಲಾರಿ ತೆಗೆದುಕೊಂಡಿದ್ದ. ಮನೆಯಲ್ಲಿ ಮಾತೆಂದರೆ ಲೋಡು, ಟ್ರಿಪ್ಪು, ಟೈರು. ಅಂಥ ಮನೆಯಲ್ಲಿ ಕನ್ನಡ ಎಂ.ಎ. ಮಾಡಿದ ತಂಗಿಯನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕದ್ದೇ ತಡ, ಒಂದು ಟ್ರಂಕು, ಒಂದು ಹಾಸಿಗೆ ಕಟ್ಟಿಕೊಂಡು ಹೊರಟುಬಿಟ್ಟೆ. ಆಗ ನನಗೆ ಇಪ್ಪತ್ತಾರು ವರ್ಷ.

ಊರಲ್ಲಿ ಖಾಲಿ ಕೋಣೆ ಅನ್ನುವುದೇ ಇರಲಿಲ್ಲ. ಮೈನ್ಸಿನವರು, ಅವರ ಮ್ಯಾನೇಜರುಗಳು, ಡ್ರೈವರುಗಳು ದನದ ಕೊಟ್ಟಿಗೆಯನ್ನೂ ಬಿಡದೆ ಹಿಡಿದಿದ್ದರು. ಟಿ.ಬಿ. ಡ್ಯಾಂ ರಸ್ತೆಯ ಕೇಶವರಾಯರ ಮನೆಯ ಮಹಡಿ ಕೋಣೆ ನನಗೆ ಸಿಕ್ಕಿದ್ದು ನಾನು ಕನ್ನಡ ಓದಿದವಳು ಎಂಬ ಒಂದೇ ಕಾರಣಕ್ಕೆ. ರಾಯರು ಹೈಸ್ಕೂಲು ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಆರು ಕಾದಂಬರಿ ಬರೆದವರು. ಬಿ.ಎ. ಓದುವಾಗ ಅವುಗಳಲ್ಲೊಂದನ್ನು ನಾನು ಎರಡು ಸಲ ಓದಿದ್ದೆ.

"ಮೈನ್ಸಿನವರಿಗೆ ಕೊಟ್ರ ರೊಕ್ಕ ಬರ್ತದ. ನಿಮಗ ಕೊಟ್ರ ಮನ್ಯಾಗ ನಾಕು ಒಳ್ಳೆ ಮಾತು ಕೇಳ್ತಾವ," ಎಂದರು ರಾಯರು. ಮಾತು ಅವರಿಗೆ ಹಾಗೆ ಒದಗುತ್ತಿತ್ತು. ಅರವತ್ತೇಳರಲ್ಲೂ ಬೆನ್ನು ನೆಟ್ಟಗೆ, ಇಸ್ತ್ರಿ ಮಾಡಿದ ಬಿಳಿ ಜುಬ್ಬ. ಆ ಧೂಳಿನ ಊರಲ್ಲಿ ಬಿಳಿ ಬಟ್ಟೆ ಉಡುವುದೆಂದರೆ ಮನೆಯಲ್ಲಿ ಒಬ್ಬರು ದಿನಾ ಒಗೆಯಬೇಕು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಒಗೆಯುತ್ತಿದ್ದವರು ಅವರ ಹೆಂಡತಿ ಇಂದಿರಮ್ಮ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು ಮಾತ್ರ ತಿಳಿಯುತ್ತಿತ್ತು. ಆದರೂ ಅಡುಗೆ, ಬಾವಿಯ ನೀರು, ದೇವರ ಪೂಜೆಯ ಸಿದ್ಧತೆ ಯಾವುದೂ ನಿಂತಿರಲಿಲ್ಲ. ಆಪರೇಶನ್ನಿಗೆ ಬಳ್ಳಾರಿಗೆ ಹೋಗಬೇಕಿತ್ತು. "ಈ ಪುಸ್ತಕ ಒಂದು ಮುಗೀಲಿ, ಕರ್ಕೊಂಡು ಹೋಗ್ತೀನಿ," ಎಂದು ರಾಯರು ಎರಡು ವರ್ಷದಿಂದ ಹೇಳುತ್ತಿದ್ದರು.

ಮಕ್ಕಳಿಲ್ಲದ ಮನೆ. ನಾನು ಕಾಲೇಜಿನಿಂದ ಬಂದರೆ ಮೆಟ್ಟಿಲ ಸದ್ದಿಗೇ ಇಂದಿರಮ್ಮ ಒಳಗಿನಿಂದ ಕೂಗುತ್ತಿದ್ದರು: "ಶೈಲಾ, ಮ್ಯಾಲೆ ಹೋಗಬ್ಯಾಡ, ಮಂಡಕ್ಕಿ ಒಗ್ಗರಣಿ ಹಾಕೀನಿ, ತಿಂದು ಹೋಗು." ನನ್ನ ತಾಯಿ ಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು. ಹಾಗೆ ಕೂಗಿ ಕರೆಯುವವರು ಇನ್ನಾರೂ ನನಗಿರಲಿಲ್ಲ.

ಆ ಮಳೆಗಾಲ ಡ್ಯಾಮು ತುಂಬಿತು. ಗೇಟು ತೆರೆದರಂತೆ ಎಂದು ಊರೆಲ್ಲ ನೋಡಲು ಹೋದರೆ, ನಾನು ರಾಯರ ಪಡಸಾಲೆಯಲ್ಲಿ ಕುಳಿತು ಅವರ ಏಳನೆಯ ಕಾದಂಬರಿಯ ಪ್ರೂಫ್ ತಿದ್ದುತ್ತಿದ್ದೆ. ಮಾಧವ ಎಂಬ ಮುದಿ ಲೇಖಕ ತನ್ನ ಪ್ರೇಮಗಳನ್ನು ನೆನೆದುಕೊಳ್ಳುವ ಕಥೆ. ಮೊದಲ ಭಾಗದಲ್ಲಿ ಅವನ ತಾರುಣ್ಯದ ದಿನಗಳ ಕಂಪ್ಲಿಯ ಶಾಲಾ ಶಿಕ್ಷಕಿ. ಎರಡನೆಯದರಲ್ಲಿ ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಕುಳಿತು ಚಿತ್ರ ಬರೆಯುವ ವಿದೇಶಿ ಹೆಂಗಸು. ಮೂರನೆಯದನ್ನು ಇನ್ನೂ ಬರೆಯುತ್ತಿದ್ದರು.

ನನಗೆ ಹೆಮ್ಮೆ ಹೇಳತೀರದು. ಪುಸ್ತಕವಾಗುವ ಮೊದಲೇ ಒಬ್ಬ ಲೇಖಕನ ಬರಹವನ್ನು ಓದುತ್ತಿದ್ದೇನೆ. ಕಾಗುಣಿತ ತಿದ್ದುವುದಷ್ಟೇ ಅಲ್ಲ, ಅಭಿಪ್ರಾಯವನ್ನೂ ಹೇಳುತ್ತಿದ್ದೆ. ಒಂದು ದಿನ, "ಸರ್, ಕಂಪ್ಲಿ ಟೀಚರ್ ಬೀಳ್ಕೊಡೋ ಜಾಗ ಸಪ್ಪಗೈತಿ. ಆಕಿ ಬರೇ ಅಳ್ತಾಳ, ಏನೂ ಮಾತಾಡಂಗಿಲ್ಲ," ಎಂದೆ.

ರಾಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆ ಜಾಗದಾಗ ನೀವು ಇದ್ದಿದ್ರ ಏನಂತಿದ್ರಿ?"

ನಾನು ಯೋಚಿಸಿ ಹೇಳಿದೆ: "ನಿಮ್ಮ ಹೆಸರು ಬ್ಯಾಡ, ನಿಮ್ಮ ನೆರಳು ಬಿದ್ದ ಅಂಗಳ ಸಾಕು ಅಂತಿದ್ದೆ."

"ಭೇಷ್!" ಎಂದು ಅಲ್ಲೇ ಅಂಚಿನಲ್ಲಿ ಬರೆದುಕೊಂಡರು. ಆ ದಿನ ಮೆಟ್ಟಿಲು ಹತ್ತುವಾಗ ಕಾಲು ನೆಲದ ಮೇಲಿರಲಿಲ್ಲ.

ಮೂರನೆಯ ಭಾಗದ ಪ್ರೂಫ್ ನನಗೆ ಬರಲೇ ಇಲ್ಲ. ಕೇಳಿದರೆ, "ಅದನ್ನ ನಾನಾ ನೋಡಿ ಪ್ರೆಸ್ಸಿಗೆ ಕೊಟ್ಟೆ. ನಿಮಗೊಂದಿಷ್ಟು ಅಚ್ಚರಿ ಇರಲಿ," ಎಂದು ನಕ್ಕರು.

ಪುಸ್ತಕ ಬಂದದ್ದು ಚಳಿಗಾಲದಲ್ಲಿ. ಬಿಡುಗಡೆಗೆ ಗಣಿ ಮಾಲೀಕರೊಬ್ಬರು ಕಾರುಗಳ ಸಾಲಿನೊಂದಿಗೆ ಬಂದು, ಭಾಷಣದಲ್ಲಿ ಲೇಖಕರ ಹೆಸರನ್ನೇ ತಪ್ಪಾಗಿ ಹೇಳಿ, ಊಟ ಹಾಕಿಸಿ ಹೋದರು. ಮರುದಿನ ರಾಯರು ಒಂದು ವಾರದ ಮಟ್ಟಿಗೆ ಬೆಂಗಳೂರಿಗೆ ಹೊರಟರು. ಅವರ ಆಟೋ ತಿರುವು ದಾಟಿತೋ ಇಲ್ಲವೋ, ಇಂದಿರಮ್ಮ ನನ್ನನ್ನು ಕರೆದರು.

"ದಿನಾ ಮಧ್ಯಾಹ್ನ ಒಂದು ತಾಸು ನಂಗ ಓದಿ ಹೇಳ್ತಿಯೇನವಾ? ಆರು ಪುಸ್ತಕ ನಾನಾ ಓದೀನಿ. ಏಳನೇದಕ್ಕ ಕಣ್ಣು ಕೈಕೊಟ್ಟಾವ."

ಆರು ತಿಂಗಳು ಆ ಪುಟಗಳನ್ನು ತಿದ್ದಿದ್ದೆ. ಇವನ್ನು ರಾಯರ ಹೆಂಡತಿ ಓದಬಹುದು ಎಂಬುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಅಡುಗೆಮನೆಯ ಹೊರಗಿನ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತೆವು. ಇಂದಿರಮ್ಮ ಹತ್ತಿ ಹಿಡಿದು ದೇವರ ದೀಪಕ್ಕೆ ಬತ್ತಿ ಹೊಸೆಯತೊಡಗಿದರು. ಅದಕ್ಕೆ ಕಣ್ಣು ಬೇಕಿರಲಿಲ್ಲ. ನಾನು ಓದುತ್ತ ಹೋದೆ. ಎಲ್ಲಿ ಕಷ್ಟ ಬರುತ್ತದೆಂದು ಗೊತ್ತಿತ್ತಲ್ಲ, ಅಲ್ಲಲ್ಲಿ ಸಾಲು, ಒಮ್ಮೊಮ್ಮೆ ಪುಟವನ್ನೇ ಬಿಟ್ಟೆ. ಎರಡನೆಯ ದಿನ ಅವರು ನಡುವೆಯೇ ಕೇಳಿದರು.

"ಈ ಮಾಧವಗ ಹೆಂಡತಿ ಇಲ್ಲೇನು?"

"ಇದ್ಲು ಅಮ್ಮಾ."

"ಇದ್ಲು ಅಂದ್ರ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ತೀರಿಕೊಂಡಾಳ್ರಿ. ಹೆರಿಗಿ ಟೈಮಿನಾಗ."

ಬತ್ತಿ ಹೊಸೆಯುವ ಕೈ ನಿಂತಿತು. "ಎಷ್ಟು ಸಾಲು ಬರದಾರ?"

"ಎರಡು."

ಅವರು ಯಾರಿಗೋ ತಪ್ಪು ತಿದ್ದಿ ಹೇಳುವವರಂತೆ ಮೆಲ್ಲಗೆ ಹೇಳಿದರು: "ಸತ್ತದ್ದು ಕೂಸು. ನಾನಲ್ಲ."

ಪ್ರೂಫ್ ನೋಡುವಾಗ ಆ ಎರಡು ಸಾಲಿನ ನಡುವೆ ನಾನು ಒಂದು ಅಲ್ಪವಿರಾಮ ಸೇರಿಸಿದ್ದೆ. ಅದಕ್ಕಿಂತ ಹೆಚ್ಚೇನೂ ಅವುಗಳ ಬಗ್ಗೆ ಯೋಚಿಸಿರಲಿಲ್ಲ.

"ಓದು, ನಿಲ್ಲಿಸಬ್ಯಾಡ," ಎಂದರು. ಓದಿದೆ. ನಾಲ್ಕನೆಯ ದಿನ ಮೂರನೆಯ ಭಾಗ ತೆರೆದೆವು. ಅದನ್ನು ನಾನೂ ಮೊದಲ ಸಲ ಓದುತ್ತಿದ್ದೆ. ಹೆಂಡತಿ ಸತ್ತ ಮುದಿ ಲೇಖಕನ ಮನೆಯ ಮಹಡಿಗೆ ಒಬ್ಬ ಹುಡುಗಿ ಬಾಡಿಗೆಗೆ ಬರುತ್ತಾಳೆ. ಕನ್ನಡ ಉಪನ್ಯಾಸಕಿ. ಬಲಗೆನ್ನೆಯಲ್ಲಿ ಮಚ್ಚೆ. ಯೋಚಿಸುವಾಗ ಪೆನ್ಸಿಲ್ಲಿನ ತುದಿ ಕಚ್ಚುವ ಅಭ್ಯಾಸ. ಮಚ್ಚೆಯೂ ಅಭ್ಯಾಸವೂ ನನ್ನವೇ. ಗಂಟಲು ಕಟ್ಟಿದೆ ಎಂದು ನೆಪ ಹೇಳಿ ಪುಸ್ತಕ ತೆಗೆದುಕೊಂಡು ಮೇಲಕ್ಕೆ ಹೋದೆ.

ನಲವತ್ತು ಪುಟ. ಇಳಿಹೊತ್ತಿನ ಬೆಳಕಿನಲ್ಲಿ ನಿಂತೇ ಓದಿದೆ. ಪ್ರೂಫ್ ತಿದ್ದುವ ಸಂಜೆಗಳು ಇದ್ದವು, ಮಳೆ ಇತ್ತು, ಡ್ಯಾಮಿನ ಗೇಟು ತೆರೆದದ್ದು ಇತ್ತು. ಹುಡುಗಿ ತಾನಾಗಿಯೇ ಮುದುಕನ ಕೈ ಹಿಡಿಯುತ್ತಾಳೆ. ತಾನಾಗಿಯೇ ಅವನ ಕೋಣೆಗೆ ಹೋಗುತ್ತಾಳೆ. ಮುಂದಿನದನ್ನು ಬರೆಯಲು ಈಗಲೂ ಕೈ ಒಲ್ಲೆನ್ನುತ್ತದೆ. ಆ ವರ್ಷವೆಲ್ಲ ಅವರು ನನ್ನ ಒಂದು ಬೆರಳನ್ನೂ ಮುಟ್ಟಿರಲಿಲ್ಲ. ನನ್ನನ್ನು ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಅಷ್ಟೇ.

ಮರುದಿನ ಮಧ್ಯಾಹ್ನ ಚಾಪೆ ಹಾಸಿಯೇ ಇತ್ತು. "ಉಳಿದದ್ದು ಓದು," ಎಂದರು ಇಂದಿರಮ್ಮ.

"ಅಮ್ಮಾ, ಅದರಾಗ ನಾನದೀನಿ. ಆದ್ರ ಅದು ಸುಳ್ಳೈತಿ."

"ಎಷ್ಟು ಸುಳ್ಳು?"

"ಎಲ್ಲಾ."

ಅವರು ನನ್ನ ಮುಖದ ಕಡೆ ತಿರುಗಿದರು. ಕಾಣದಿದ್ದರೂ ಬಹಳ ಹೊತ್ತು ನೋಡಿದರು. ನಂಬಿಕೆ ಬಾರದಿದ್ದರೆ ನಾನು ಏನು ತೋರಿಸಿ ನಂಬಿಸಲಿ?

"ಕಂಪ್ಲಿ ಸರೋಜಾಂದು?" ಎಂದರು ಕೊನೆಗೆ. ಕಾದಂಬರಿಯಲ್ಲಿ ಆ ಶಿಕ್ಷಕಿಯ ಹೆಸರು ಬೇರೆ ಇತ್ತು.

"ಅದು ನನಗೇನು ಗೊತ್ತಮ್ಮಾ."

"ನಂಗೂ ಗೊತ್ತಿಲ್ಲ. ಮೂವತ್ತು ವರ್ಷಾತು, ಗೊತ್ತದ ಅಂತ ತಿಳ್ಕೊಂಡೀನಿ." ಹತ್ತಿಯನ್ನು ಬುಟ್ಟಿಗೆ ಹಾಕಿದರು. "ನಾಳೆ ರವಿವಾರ. ಕೇಳಿ ಬರೋಣ ನಡಿ."

ಕಂಪ್ಲಿ ಬಸ್ಸು ಹೊಸಪೇಟೆ ದಾಟುವ ತನಕ ಕಿಟಕಿ ಮುಚ್ಚಿಕೊಂಡೇ ಕುಳಿತೆವು. ಕಮಲಾಪುರದ ಹತ್ತಿರ ಬಾಳೆತೋಟದ ಗಾಳಿ ತಣ್ಣಗೆ ಬಂದಾಗ ಇಂದಿರಮ್ಮ ತಾವೇ ತಡಕಿ ಗಾಜು ಸರಿಸಿದರು. ಒಂದು ಕೈ ನನ್ನ ಮಣಿಕಟ್ಟಿನ ಮೇಲಿತ್ತು.

ಸರೋಜಮ್ಮ ಟೀಚರ್ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅರ್ಧ ಊರಿಗೆ ಅಕ್ಷರ ಕಲಿಸಿದವರು. ಒಂಟಿ ಹೆಂಗಸು, ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದರು, ಹಣೆಯಲ್ಲಿ ವಿಭೂತಿ. ಬಾಗಿಲಲ್ಲಿ ಇಂದಿರಮ್ಮನನ್ನು ಕಂಡ ಕೂಡಲೇ ಗುರುತು ಹಿಡಿದರು. ಒಂದು ಕ್ಷಣ ತಡೆದು, "ಬರ್ರಿ, ಒಳಗ ಬರ್ರಿ, ಕುಂದ್ರಿ," ಎಂದರು.

ನೀರು ಕೊಟ್ಟರು. ಇಂದಿರಮ್ಮ ಲೋಟ ಕೆಳಗಿಡುವ ಮೊದಲೇ ಕೇಳಿದರು: "ಒಂದು ಮಾತು ಕೇಳ್ಲಿಕ್ಕೆ ಬಂದೀನಿ. ಖರೆ ಹೇಳ್ರಿ. ನಿಮಗೂ ನಮ್ಮನಿಯವರಿಗೂ ಏನಿತ್ತು?"

"ನಕಲು ಇತ್ತು," ಎಂದರು ಸರೋಜಮ್ಮ.

"ಅಂದ್ರ?"

"ಅವರ ಮೊದಲ್ನೇ ಕಾದಂಬರಿ. ಅಕ್ಷರ ಕಾಗಿ ಕಾಲು, ಗುಬ್ಬಿ ಕಾಲು. ಪ್ರೆಸ್ಸಿನವರು ಒಲ್ಲೆ ಅಂದಿದ್ರು. ನನ್ನ ಅಕ್ಷರ ದುಂಡಗಿದ್ವು. ಒಂದಾ ಸಾಲಿಯಾಗಿದ್ವಿ. ಬರದುಕೊಡ್ರಿ ಅಂದ್ರು. ಎಂಟು ತಿಂಗಳು ಕುಂತು ಬರದೆ. ಪುಸ್ತಕದಾಗ ನನ್ನ ಹೆಸರು ಹಾಕ್ತೀನಿ ಅಂದಿದ್ರು, ಹಾಕಲಿಲ್ಲ. ಅಷ್ಟಾ ಇದ್ದದ್ದು."



"ಜನ ಮಾತಾಡ್ಕೊಂಡ್ರು," ಸರೋಜಮ್ಮ ಮುಂದುವರಿಸಿದರು. "ಗೊತ್ತಾಗಿದ್ದ ನನ್ನ ಮದುವಿ ತಪ್ಪಿತು. ಆಮ್ಯಾಲೆ ಯಾರೂ ಬರಲಿಲ್ಲ. ಅವರು ಒಂದಾ ಒಂದು ಸಲ 'ಇಲ್ಲ' ಅಂದಿದ್ರ ಸಾಕಿತ್ರಿ. ಅನ್ನಲಿಲ್ಲ. ಜನ ಹಂಗ ಅನ್ಕೊಳ್ಳೋದು ಅವರಿಗೆ ಚಲೋ ಅನಿಸ್ತಿತ್ತು."

ಇಂದಿರಮ್ಮ ಲೋಟ ಕೆಳಗಿಟ್ಟರು. "ಹಸ್ತಪ್ರತಿ ಕೊಡ್ಲಿಕ್ಕೆ ನೀವು ಮನಿಗೆ ಬಂದಿದ್ರಿ. ನಾನು ಬಾಗಿಲು ಹಾಕಿದ್ದೆ."

"ಹೌದ್ರಿ. ಮಳಿ ಬರ್ತಿತ್ತು. ಕಾಗದ ತೊಯ್ದಾವಂತ ಸೆರಗಿನಾಗ ಸುತ್ತಿಕೊಂಡು ನಿಂತಿದ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರಾಗುತ್ತಿತ್ತು.

ಆಮೇಲೆ ನನ್ನ ಕಡೆ ತಿರುಗಿದರು. "ನೀವು ಓದೀರೇನು ಆ ಪುಸ್ತಕಾ? ನಮ್ಮ ಅಣ್ಣನ ಮಗ ತಂದು ಮುಂದಿಟ್ಟು, ಏನತ್ತಿ ಇದು ಅಂತ ಕೇಳಿದ. ಅದರಾಗ ನಾನು ಒಂದು ಮಾತಂತೀನಿ, ನಿಮ್ಮ ನೆರಳು ಬಿದ್ದ ಅಂಗಳ ಸಾಕು ಅಂತ. ನಾಕಾ ದಿನದಾಗ ಊರ ಹುಡುಗರು ನಾನು ಹಾದುಹೋದ್ರ ಅದನ್ನಾ ಅನ್ನಾಕ ಹತ್ಯಾರ. ನಾನು ಅಂಥಾ ಮಾತು ಅನ್ನಾಕಿ ಅಲ್ರಿ. ಎಂದೂ ಅನ್ನಾಕಿ ಅಲ್ಲ. ಅದನ್ನ ಎಲ್ಲಿಂದ ತಂದ್ರೋ ಏನೋ."

ನಾನು ತಲೆ ತಗ್ಗಿಸಿದೆ. ಆ ಮಾತು ನನ್ನದು ಎಂದು ಹೇಳಬೇಕಿತ್ತು. ಚಹಾ ಬಂತು, ಕುಡಿದೆ. ಬಸ್ಸಿನ ಹೊತ್ತಾಯಿತು, ಎದ್ದೆ. ಹೇಳಲಿಲ್ಲ.

ರಾಯರು ಬೆಂಗಳೂರಿನಿಂದ ಬಂದ ದಿನ ನಾನೇ ಪಡಸಾಲೆಗೆ ಹೋಗಿ ಪುಸ್ತಕವನ್ನು ಅವರ ಮುಂದಿಟ್ಟೆ. "ಸರ್, ಹಿಂಗ್ಯಾಕ ಮಾಡಿದ್ರಿ?"

ಅವರಿಗೆ ಅಚ್ಚರಿಯಾದಂತಿತ್ತು. "ಯಾಕ? ಛಂದ ಬಂದಿಲ್ಲೇನು? ಮೂರನೇ ಭಾಗಾನಾ ಎಲ್ಲಾರೂ ಭಾಳ ಮೆಚ್ಚಿಕೊಂಡಾರ."

"ಅದು ನಡದದ್ದಲ್ಲ."

"ಕಾದಂಬರಿ ಅದು. ಹುಡುಗಿ ಬಾಡಿಗಿಗೆ ಬಂದ್ಲು, ಪ್ರೂಫ್ ನೋಡಿದ್ಲು ಅಂತ ಬರದ್ರ ಯಾರು ಓದ್ತಾರ? ನೀವು ಕನ್ನಡ ಓದಿದವರು. ಕತಿಗೂ ಜೀವನಕ್ಕೂ ಫರಕು ನಿಮಗಾ ತಿಳೀಲಿಲ್ಲಂದ್ರ ಹೆಂಗ?"

"ನನಗ ತಿಳೀತೈತಿ ಸರ್. ಊರಿಗೆ ತಿಳಿಯಂಗಿಲ್ಲ."

"ಊರು ಎಲ್ಲೆ ಓದ್ತದ ಬಿಡ್ರಿ," ಎಂದು ನಕ್ಕರು.

ಇಂದಿರಮ್ಮ ನಡುಮನೆಯ ಬಾಗಿಲಿಗೆ ಬಂದು ನಿಂತದ್ದು ಆಗ. "ಸರೋಜಾ ನಿಮ್ಮ ಪುಸ್ತಕ ನಕಲು ಮಾಡಿದ್ಲಂತ. ಅಷ್ಟಾ ಅಂತ. ಮೂವತ್ತು ವರ್ಷ ನಾನು ಒಳಗ ಬೆಂದೀನಿ. ಯಾಕ ಹೇಳಲಿಲ್ಲ?"

ರಾಯರ ನಗು ಹೋಯಿತು. ಕನ್ನಡಕ ಒರೆಸಿಕೊಂಡರು. "ನೀ ಎಂದೂ ಕೇಳಲಿಲ್ಲಲ್ಲ," ಎಂದರು.

ಊರು ಓದುವುದಿಲ್ಲ ಎಂಬ ಅವರ ಮಾತು ಸುಳ್ಳಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಯಾರೋ ಆ ನಲವತ್ತು ಪುಟಗಳನ್ನು ಮಾತ್ರ ಜೆರಾಕ್ಸ್ ಮಾಡಿಸಿದರು. ಕಾಲೇಜಿನಲ್ಲಿ ಅದು ಬೆಂಚಿನಿಂದ ಬೆಂಚಿಗೆ ದಾಟಿತು. ನಾನು ಬೋರ್ಡಿನ ಕಡೆ ತಿರುಗಿದರೆ ಹಿಂದೆ ಯಾರೋ ಪೆನ್ಸಿಲ್ ಕಚ್ಚುವ ಸದ್ದು, ಅದರ ಹಿಂದೆ ನಗು. ಪ್ರಿನ್ಸಿಪಾಲರು ಕರೆದು, "ನಿಮ್ಮ ಪಾಠದ ಬಗ್ಗೆ ಯಾರದೂ ತಕರಾರಿಲ್ಲ ಮೇಡಂ. ಆದ್ರ ಮುಂದಿನ ವರ್ಷಕ್ಕ ಬ್ಯಾರೆ ಕಡೆ ನೋಡ್ಕೊಳ್ಳಿ," ಎಂದರು. ಯಾಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪುಸ್ತಕ ಅವರ ಮೇಜಿನ ಮೇಲೆಯೇ ಇತ್ತು.

ಅಣ್ಣನಿಗೆ ಸುದ್ದಿ ಮುಟ್ಟಿಸಿದವರು ಯಾರೋ ತಿಳಿಯದು. ಜೀವಮಾನದಲ್ಲಿ ಒಂದು ಕಾದಂಬರಿಯನ್ನೂ ಓದದ ಅವನು ಲಾರಿ ತಂದು ಮನೆಯ ಮುಂದೆ ನಿಲ್ಲಿಸಿ, ಕೆಳಗಿಳಿಯದೆ, "ಸಾಮಾನು ಕಟ್ಟು," ಎಂದ. ರಾಯರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಡೆಗೂ.

ಇಂದಿರಮ್ಮ ನನ್ನ ಕೋಣೆಗೆ ಗೋಡೆ ಹಿಡಿದು ಹತ್ತಿ ಬಂದರು. ಆ ವರ್ಷದಲ್ಲಿ ಅವರು ಮೇಲೆ ಬಂದದ್ದು ಅದೊಂದೇ ಸಲ. ನಾನು ಅವರ ಕೈ ಹಿಡಿದು, "ಅಮ್ಮಾ, ನೀವು ಇರು ಅಂದ್ರ ಇರ್ತೀನಿ," ಎಂದೆ. ನಿಜವಾಗಿಯೂ ಇರುತ್ತಿದ್ದೆನೋ ಏನೋ.

"ಬ್ಯಾಡವಾ. ನೀ ಇಲ್ಲೇ ಇದ್ರ ಆ ಪುಸ್ತಕ ಖರೆ ಆಗ್ತದ. ನೀ ಹೋಗು."

"ಮತ್ತ ನೀವು?"

"ನಾನೆಲ್ಲಿ ಹೋಗ್ಲಿ?" ಎಂದರು. ಟ್ರಂಕಿನ ಚಿಲಕ ಹಾಕಿದ್ದನ್ನು ಕೈಯಾಡಿಸಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದರು.

ಬೇಸಿಗೆಯ ಕೊನೆಗೆ ಆ ಕಾದಂಬರಿಗೆ ಒಂದು ಪ್ರಶಸ್ತಿ ಬಂತು. ಸಂಡೂರಿನ ಮನೆಯಲ್ಲಿ ಕುಳಿತು ಪೇಪರಿನಲ್ಲಿ ಫೋಟೋ ನೋಡಿದೆ. ರಾಯರಿಗೆ ಹಾರ, ಪಕ್ಕದಲ್ಲಿ ಶಾಲು ಹೊದ್ದು ನಿಂತ ಇಂದಿರಮ್ಮ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಇನ್ನೆಲ್ಲೋ ನೋಡುತ್ತಿದ್ದರು. ಕ್ಯಾಮೆರಾ ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮುಂದೆ ನನಗೆ ದೂರದ ಜಿಲ್ಲೆಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಗಣಿಗಳು ಮುಚ್ಚಿದವು, ಅಣ್ಣ ಲಾರಿ ಮಾರಿದ. ಮದುವೆಯ ಮಾತು ಬಂದು ಎರಡು ಸಲ ಮುರಿಯಿತು. ಎರಡೂ ಸಲ ಕಾರಣ ಯಾರೂ ಹೇಳಲಿಲ್ಲ. ಇಂದಿರಮ್ಮನಿಗೆ ಕಾಗದ ಬರೆಯೋಣವೆಂದರೆ ಅದನ್ನು ಅವರಿಗೆ ಓದಿ ಹೇಳುವವರು ರಾಯರೇ. ಬರೆಯಲಿಲ್ಲ.

ಕೆಲವು ವರ್ಷಗಳ ನಂತರ ರಾಯರು ತೀರಿಕೊಂಡರು. ಅದೇ ದಿನ ಪತ್ರಿಕೆಯವರೊಬ್ಬರು ಫೋನು ಮಾಡಿದರು. "ನೀವು ಅವರನ್ನ ಹತ್ತಿರದಿಂದ ನೋಡಿದವರು. ಸಂಜೆಯೊಳಗೆ ಒಂದು ಬರಹ ಕೊಡಿ ಮೇಡಂ." ಹತ್ತಿರದಿಂದ ಎಂದಾಗ ಅವರ ದನಿ ಸ್ವಲ್ಪ ತಗ್ಗಿತು. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಇದ್ದದ್ದನ್ನು ಬರೆದರೆ ನಲವತ್ತು ಪುಟಗಳನ್ನು ಮತ್ತೊಮ್ಮೆ ಎಲ್ಲರೂ ತೆರೆಯುತ್ತಾರೆ. ನಾನು ಕುಳಿತು ಒಳ್ಳೆಯ ಕನ್ನಡದಲ್ಲಿ ಬರೆದುಕೊಟ್ಟೆ. ಹೆಣ್ಣಿನ ಅಂತರಂಗ ಬಲ್ಲ ಲೇಖಕ, ಕಿರಿಯರನ್ನು ಬೆಳೆಸಿದ ಹಿರಿಯ ಎಂದೆಲ್ಲ ಬರೆದೆ. ಭಾನುವಾರ ಅಚ್ಚಾಯಿತು. ಸಹೋದ್ಯೋಗಿಗಳು ಮೆಚ್ಚಿಕೊಂಡರು.

ಸೋಮವಾರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಶೈಲಾ ಏನವಾ?"

ದನಿ ಕೇಳಿದ ಕೂಡಲೇ ಎದ್ದು ನಿಂತೆ. "ಅಮ್ಮಾ! ಹೆಂಗದೀರಿ?"

"ಅರಾಮದೀನಿ. ಸರೋಜಾ ಟೀಚರು ಹೋದ ವರ್ಷ ಬಂದು ಬಳ್ಳಾರಿಗೆ ಕರ್ಕೊಂಡು ಹೋಗಿ ಕಣ್ಣು ಮಾಡಿಸಿದ್ರು. ಈಗ ಎಲ್ಲಾ ಕಾಣ್ತದ." ಹಿಂದೆ ಯಾರೋ ಪಾತ್ರೆ ಎತ್ತಿಡುವ ಸದ್ದು. "ನೀ ಪೇಪರಿನಾಗ ಬರದದ್ದು ನಿನ್ನೆ ಓದಿದೆ. ಟೀಚರಿಗೂ ಓದಿ ಹೇಳಿದೆ."



"ಭಾಳ ಚಲೋ ಬರದೀಯವಾ," ಎಂದರು ಇಂದಿರಮ್ಮ, ಮತ್ತು ಫೋನಿಟ್ಟರು.